ಅಂಗೈಗೆ ಇಳಿದ ಜ್ವರ

ಈಗಲಾದರೂ ಹೇಳಬೇಕೆ? ಫಕೀರಪ್ಪನ ಅಂಗೈ ಹಂಚಿನಂತೆ ಕಾದಿತ್ತು. ಆಸ್ಪತ್ರೆಯಲ್ಲಿ ಹೆಂಡತಿಯ ಪಕ್ಕ ಅದನ್ನು ಶಾಲಿನೊಳಗೆ ಮುಚ್ಚಿಕೊಂಡು ಕೂತಿದ್ದ.

ಮನೆಯವರ ಜ್ವರವನ್ನು ಅಂಗೈಗೆ ಇಳಿಸಿಕೊಳ್ಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮಗಳ ಜ್ವರಗಳನ್ನೆಲ್ಲ ಅವನು ಹಾಗೆಯೇ ಇಳಿಸಿಕೊಂಡಿದ್ದ. ಇವತ್ತು ನಸುಕಿನಲ್ಲಿ ಹೆಂಡತಿ ದ್ಯಾಮವ್ವ ನಿದ್ದೆಯಲ್ಲೇ ನಡುಗಿದಾಗ ಕೈ ತಾನಾಗಿ ಅವಳ ಹಣೆಯ ಮೇಲೆ ಹೋಗಿತ್ತು. ಡಾಕ್ಟರು ಹೇಳಿದ್ದು ಆಮೇಲೆ ನೆನಪಾಯಿತು. ಕೀಮೋ ಆದವರ ಜ್ವರವನ್ನು ಮಾತ್ರ ಮುಟ್ಟಬಾರದು, ಬಿಳಿ ರಕ್ತಕಣ ಇಳಿದಾಗ ಒಳಗಿನ ಸೋಂಕನ್ನು ತಿಳಿಸಲು ಅದೊಂದೇ ಉಳಿದಿರುತ್ತದೆ.

ನರ್ಸ್ ರಕ್ತದ ರಿಪೋರ್ಟನ್ನೂ ಥರ್ಮಾಮೀಟರನ್ನೂ ನೋಡಿದಳು. "ಬಿಳಿ ಕಣ ಭಾಳ ಕಡಿಮಿ ಅದಾವ್ರೀ ಅಕ್ಕಾರ. ಆದ್ರ ಜ್ವರ ಇಲ್ಲ. ಮನ್ಯಾಗ ಯಾರರ ಇಳಿಸ್ಕೊಂಡಾರೇನು?"

"ಇಲ್ರೀ ಸಿಸ್ಟರ್. ನಮ್ಮ ಮನಿಯವ್ರ ಮಾರಿ ನೋಡ್ರಿ, ಬ್ಯಾನಿ ಅವ್ರಿಗೇ ಬಂದಂಗ ಕುಂತಾರ," ಎಂದು ದ್ಯಾಮವ್ವ ನಕ್ಕಳು.

ನರ್ಸೂ ನಕ್ಕಳು. "ಹಂಗಾರ ಸದ್ಯಕ್ಕ ಅಪಾಯ ಇಲ್ಲ. ಗಾಜಿನ ಖೋಲಿ ಬ್ಯಾಡ, ಮನೀಗೆ ಹೋಗ್ರಿ."

ಕಳೆದ ಸಲ ಜ್ವರ ಬಂದಾಗ, ಸೋಂಕಾದವರನ್ನು ಬೇರೆಯಾಗಿ ಇಡುವ ಆ ಗಾಜಿನ ಖೋಲಿಯಲ್ಲಿ ಒಬ್ಬಳೇ ಇದ್ದು ಬಂದ ದ್ಯಾಮವ್ವ ಎಷ್ಟೋ ದಿನ ಮಾತೇ ಆಡಿರಲಿಲ್ಲ. ಈಗ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ನಡೀರಿ, ಅವ್ರ ಮನಸ್ಸು ತಿರುಗೋದ್ರಾಗ ಹೋಗೂಣು."

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಮತ್ತೆ ಸಣ್ಣಗೆ ನಡುಗತೊಡಗಿದಳು. ಫಕೀರಪ್ಪ ಶಾಲನ್ನು ಅವಳಿಗೆ ಹೊದಿಸಿ, ಕೈಗಳು ಮತ್ತೆ ಅವಳ ಹಣೆಗೆ ಹೋಗದಂತೆ ತೊಡೆಯ ಕೆಳಗೆ ಇಟ್ಟುಕೊಂಡ.

ಅವಳ ಜ್ವರ ತನ್ನ ಅಂಗೈಯಲ್ಲಿದೆ ಎಂದು ಅವನು ನರ್ಸಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.