ಬಾಗಿಲು ಮಡಚುವ ಕಡೆ

ಅರ್ಧ ಹಾಲ್ ಒರೆಸಿ, ಬಕೆಟ್ಟಿನ ನೀರು ಬದಲಾಯಿಸಲು ಹೊರಟವಳನ್ನು ಗಂಡ ಕರೆದ. "ಒಂದ್ನಿಮಿಷ ಇಲ್ಲಿ ಬಾ. ಒಂದು ಬಾಗಿಲು ಕಡಿಮೆ ಬಿದ್ದಿದೆ."

ಉಳಿದ ಮೂರು ಬಾಗಿಲುಗಳು ಆಗಲೇ ಹಿತ್ತಿಲ ಕಡೆಯ ಗೋಡೆಗೆ ಬೆನ್ನು ಮಾಡಿ ಸಾಲಾಗಿ ನಿಂತಿದ್ದವು. ಅತ್ತೆ, ಗಂಡ, ಗಾಜಿನ ಅಂಗಡಿಯವನು. ಆ ಗೋಡೆ ಒಡೆದು ಉದ್ದಕ್ಕೂ ಗಾಜಿನ ಬಾಗಿಲು ಕೂರಿಸುವುದೆಂದು ಎಂದೋ ತೀರ್ಮಾನವಾಗಿತ್ತು. ಜಾರುವ ಬಾಗಿಲೋ ಮಡಚುವ ಬಾಗಿಲೋ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಈ ಮನೆಯಲ್ಲಿ ಏನನ್ನೇ ತರುವ ಮುಂಚೆ ಹೀಗೆ ಆಡಿ ನೋಡುವುದು ರೂಢಿ. ಫ್ರಿಜ್ ತರುವ ಮುಂಚೆ ಗಂಡ ಅಡುಗೆಮನೆಯ ಮೂಲೆಯಲ್ಲಿ ಭುಜ ಅಗಲಿಸಿಕೊಂಡು ಫ್ರಿಜ್ಜಾಗಿ ನಿಂತಿದ್ದ. ಅವಳು ಅವನನ್ನು ಸುತ್ತಿ ಬಳಸಿ ಒಂದು ಹೊತ್ತಿನ ಅಡುಗೆ ಮಾಡಿ ಮುಗಿಸಿದ್ದಳು.

ಜಾರುವ ಬಾಗಿಲಿನ ಪ್ರಯೋಗ ಆಗಷ್ಟೇ ಮುಗಿದಿತ್ತು. ಅತ್ತೆಯ ಹಿಂದೆ ಜಾರಲು ಹೋದ ಗಂಡನ ಹೊಟ್ಟೆ ಅತ್ತೆಯನ್ನೇ ಹಳಿ ತಪ್ಪಿಸಿತ್ತು.

"ಆದ್ರೂ ಸ್ಲೈಡಿಂಗೇ ಇರ್ಲಿ ಕಣೋ," ಅತ್ತೆ ಸೆರಗು ಸರಿಮಾಡಿಕೊಂಡರು. "ಅರ್ಧ ತೆರೆದ್ರೆ ಸಾಲ್ದಾ? ಪೂರ್ತಿ ತೆಗೆದಿಟ್ಟು ಬೀದಿ ಬೆಕ್ಕಿಗೆಲ್ಲ ಆರತಿ ಎತ್ತಿ ಕರೀಬೇಕಾ?"

"ಅರ್ಧ ತೆರೆಯೋಕೆ ಇಡೀ ಗೋಡೆ ಯಾಕಮ್ಮ ಒಡೀಬೇಕು? ಫೋಲ್ಡಿಂಗ್ ಆದ್ರೆ ಹಾಲು, ಹಿತ್ತಿಲು ಎಲ್ಲಾ ಒಂದೇ. ಎಲ್ಲಿ, ಮಡಚ್ಕೋ ನೋಡೋಣ."

"ನನ್ನ ಮಂಡಿಯೇ ಮಡಚ್ತಾ ಇಲ್ಲ. ಇನ್ನು ನಾನು ಬಾಗಿಲಾಗಿ ಮಡಚ್ಕೋಬೇಕಂತೆ."

ಅವಳು ನೆಲ ಒರೆಸುವ ಕೋಲು ಹಿಡಿದೇ ಬಲಗಡೆಯ ತುದಿಗೆ ನಿಂತಳು. ಗಾಜಿನವನು ಒಂದು ಬಾಗಿಲು ಒಳಕ್ಕೆ, ಒಂದು ಹೊರಕ್ಕೆ ತಿರುಗಬೇಕೆಂದು ಹೇಳಿಕೊಟ್ಟ. ಗಂಡ ಮಾತ್ರ ಎರಡು ಸಲವೂ ತಪ್ಪು ಕಡೆಗೆ ತಿರುಗಿದ. ಮೂರನೆಯ ಸಲ ನಾಲ್ಕೂ ಬಾಗಿಲುಗಳು ಒಂದನ್ನೊಂದು ದಬ್ಬಿಕೊಂಡು ಬಲಗಡೆಯ ಮೂಲೆ ಸೇರಿದವು. ಎಲ್ಲರಿಗಿಂತ ಹಿಂದಿದ್ದ ಅವಳ ಸೊಂಟಕ್ಕೆ ಅಲ್ಲಿದ್ದ ಅವಳ ಹೊಲಿಗೆ ಮಷಿನ್ನಿನ ಚಕ್ರ ಒತ್ತಿತು.

"ನೋಡಿದ್ಯಾ, ಎಷ್ಟು ವಿಶಾಲ," ಗಂಡ ಇನ್ನೂ ಒಡೆಯದ ಗೋಡೆಯನ್ನು ಕಣ್ತುಂಬ ನೋಡಿದ.

"ಮಷಿನ್?" ಎಂದಳು ಅವಳು.

"ಅದೇನು ಮಹಾ. ಮೆಟ್ಟಿಲ ಕೆಳಗೆ ಹಾಕಿದ್ರಾಯ್ತು. ಬೇಕಿದ್ರೆ ಒಂದು ಬಲ್ಬ್ ಹಾಕಿಸ್ತೀನಿ."

ಮಷಿನ್ ದೊಡ್ಡ ವಿಷಯವೇನಲ್ಲ, ನಿಜ. ಅವಳು ಅದರಲ್ಲಿ ಹೊಲಿಯುವುದು ದಿಂಬಿನ ಚೀಲ, ಹರಿದ ಜೇಬು, ಅಷ್ಟೇ. ಆದರೆ ಅದರ ಸದ್ದು ಕೇಳುತ್ತಿರುವಷ್ಟು ಹೊತ್ತು ಈ ಮನೆಯಲ್ಲಿ ಯಾರೂ ಅವಳನ್ನು ಕೂಗುವುದಿಲ್ಲ. ಅದು ಹೇಗೆ ಶುರುವಾಯಿತೋ ಅವಳಿಗೂ ನೆನಪಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಜಾರಿ ತೊಡೆಯ ಮೇಲೆ ಬೀಳುವಾಗ ಅವಳು ಎಷ್ಟೋ ಸಲ ಸೂಜಿಗೆ ಬಟ್ಟೆ ಕೊಡದೆ, ದಾರ ಪೋಣಿಸದೆ ಬರೀ ಮಷಿನ್ ತುಳಿಯುತ್ತಾ ಕೂತಿದ್ದಾಳೆ. "ಪಾಪ, ಎಷ್ಟು ಹೊಲೀತಾಳೆ," ಎಂದು ಅತ್ತೆ ಒಮ್ಮೆ ನೆಂಟರೆದುರು ಹೊಗಳಿದ್ದೂ ಉಂಟು. ಮೆಟ್ಟಿಲ ಕೆಳಗೆ ಹೋದರೆ ಹತ್ತುವವರು ಇಳಿಯುವವರೆಲ್ಲ ಬಗ್ಗಿ ನೋಡುತ್ತಾರೆ.

ಕೊನೆಗೆ ಫೋಲ್ಡಿಂಗೇ ಎಂದು ತೀರ್ಮಾನವಾಯಿತು. ಗಾಜಿನವನು ಹೊರಟು ಚಪ್ಪಲಿ ಮೆಟ್ಟುತ್ತಾ ಹೇಳಿದ. "ಈ ಫೋಲ್ಡಿಂಗು ಬಲಕ್ಕೂ ಮಡಚುತ್ತೆ, ಎಡಕ್ಕೂ ಮಡಚುತ್ತೆ ಸಾರ್. ಯಾವ ಕಡೆ ಅಂತ ನೆಲದ ಮೇಲೆ ಒಂದು ಬಾಣ ಹಾಕಿಡಿ. ಮಧ್ಯಾಹ್ನ ಅಳತೆಗೆ ನಮ್ಮೋರು ಬಂದು ಅದನ್ನ ನೋಡ್ಕೊಂಡು ಹೋಗ್ತಾರೆ. ಚೌಕಟ್ಟು ಆದ್ಮೇಲೆ ನೀವು ಅತ್ರೂ ಬದಲಾಗಲ್ಲ."

ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಲು ಒಳಗೆ ಹೋದರು. ಗಂಡ ಎಡಗಡೆ ನೋಡಿದ. ಅಲ್ಲಿ ಅವನ ಆರಾಮಕುರ್ಚಿ ಇತ್ತು. "ಎಡಗಡೆ ಜಾಗ ಎಲ್ಲಿದೆ?" ಎಂದು ತನಗೆ ತಾನೇ ಹೇಳಿಕೊಂಡು, ಬಗ್ಗಿ, ಉಸಿರು ಕಟ್ಟಿ, ಮಷಿನ್ನಿನ ಕಡೆಗೆ ಸೀಮೆಸುಣ್ಣದಿಂದ ಬಾಣ ಎಳೆದ. ಎದ್ದವನೇ ಕುರ್ಚಿಗೆ ಒರಗಿ, ಮೊಬೈಲಿನಲ್ಲಿ ಯಾರ ಯಾರದೋ ಮನೆಯ ಗಾಜಿನ ಬಾಗಿಲುಗಳನ್ನು ನೋಡತೊಡಗಿದ.

ಅವಳು ನೀರು ಬದಲಾಯಿಸಿ ತಂದು ಉಳಿದರ್ಧ ಒರೆಸತೊಡಗಿದಳು. ಒರೆಸುತ್ತಾ ಬಂದಂತೆ ಬಾಣ ಎದುರಾಯಿತು. ಒಂದು ಗಳಿಗೆ ನಿಂತಳು. ನೆಲ ಒರೆಸುವವಳು ಸುಣ್ಣದ ಗೆರೆ ಕಂಡರೆ ಬಿಡುವುದುಂಟೆ? ಎರಡು ಸಲ ಕೋಲಾಡಿಸಿದಳು. ಆಮೇಲೆ ಮಷಿನ್ನಿನ ಡ್ರಾಯರ್ ಎಳೆದು, ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎಡಗಡೆಗೆ ನಡೆದಳು.

"ಕಾಲು," ಎಂದಳು.

ಅವನು ಮೊಬೈಲಿನಿಂದ ಕಣ್ಣು ಕೀಳದೆ ಎರಡೂ ಕಾಲು ಎತ್ತಿದ. ದಿನವೂ ಎತ್ತುತ್ತಾನೆ, ದಿನವೂ ಕೆಳಗೆ ನೋಡುವುದಿಲ್ಲ. ಅವಳು ಕುಕ್ಕರುಗಾಲಲ್ಲಿ ಕೂತು, ರವಿಕೆಯ ತೋಳಿಗೆ ಗುರುತು ಹಾಕುವಷ್ಟೇ ನಾಜೂಕಾಗಿ ಅವನ ಪಾದಗಳ ಕೆಳಗಿಂದ ಕುರ್ಚಿಯ ಕಾಲಿನವರೆಗೂ ಒಂದು ಗೆರೆ ಎಳೆದು, ಅದಕ್ಕೆ ಬಾಣದ ತುದಿ ಕೂರಿಸಿದಳು.

"ಆಯ್ತಾ?" ಎಂದ ಅವನು.

"ಆಯ್ತು. ಈಗ್ಲೇ ಇಡಬೇಡಿ, ಒದ್ದೆ ಇದೆ."

ಅಲ್ಲಿ ಅವಳು ಒರೆಸಿಯೇ ಇರಲಿಲ್ಲ. ಮೂಲೆಯಲ್ಲಿ ಮಷಿನ್ ಸದ್ದು ಶುರುವಾದಾಗಲೂ ಅವನು ಎರಡೂ ಕಾಲನ್ನು ಗಾಳಿಯಲ್ಲೇ ಹಿಡಿದುಕೊಂಡು, ಬಾಣದ ಮೇಲೆ ತೇಲುತ್ತಾ ಬಾಗಿಲು ನೋಡುತ್ತಿದ್ದ.