ಒಂಬತ್ತನೇ ಪುಟದ ಪೆನ್ಸಿಲ್ ಸಾಲು

ದೇಶದ ಹೊಸ ರಕ್ಷಣಾ ನೀತಿಯನ್ನು ಆ ವಾರವೇ ಮಂತ್ರಿಗಳ ಮುಂದಿಡಬೇಕಿತ್ತು. ಬರೆಯುವುದೇನು ಮಹಾ, ಹಳೆಯದರಲ್ಲಿ ಇಸವಿ ತಿದ್ದಿದರೆ ಹೊಸದಾಯಿತು. ಆ ಕಚೇರಿ ನಡೆದುಕೊಂಡು ಬಂದದ್ದೇ ಹಾಗೆ. ಆದರೆ ಹಳೆಯದನ್ನು ಎಷ್ಟು ಗುಟ್ಟಾಗಿ ಇಟ್ಟಿದ್ದರೆಂದರೆ, ಎಲ್ಲಿಟ್ಟೆವೆಂಬುದು ಇಟ್ಟವರಿಗೇ ನೆನಪಿರಲಿಲ್ಲ. ಕಪಾಟುಗಳನ್ನೆಲ್ಲ ತಡಕಾಡಿ ಅಧಿಕಾರಿ ವನಮಾಲಾ ಸೋತುಹೋದಳು.

ನಾಲ್ಕನೆಯ ದಿನ ಕಾರ್ಯದರ್ಶಿಗಳು ಹಲ್ಲು ಕಿರಿಯುತ್ತ ಒಂದು ಪ್ರತಿಯನ್ನು ತಂದು ಅವಳ ಮೇಜಿನ ಮೇಲೆ ಹಾಕಿದರು.

"ಸಿಕ್ತು ಕಣ್ರೀ. ಬೇಗ ಟೈಪ್ ಮಾಡಿಸಿ."

ಒಂಬತ್ತನೇ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: 'ಉತ್ತರದ ಕಣಿವೆಯ ಕಾವಲು ತೆಗೆದರೆ ಅನುಕೂಲ.'

"ಸರ್, ಇದನ್ನ ಯಾರು ಬರೆದಿದ್ದು? ಆ ಕಣಿವೆ ಕೆಳಗೇ ನನ್ನ ತವರೂರು."

"ನಿಮ್ಮ ತವರಿಗೋಸ್ಕರ ದೇಶದ ನೀತಿ ತಿದ್ದೋಕಾಗುತ್ತೇನ್ರೀ? ಇರೋದನ್ನ ಇದ್ದ ಹಾಗೇ ಸೇರಿಸಿ."

ಸಭೆಯಲ್ಲಿ ಮಂತ್ರಿಗಳು ಆಕಳಿಸುತ್ತ ಪುಟ ಮಗುಚಿದರು. ಒಂಬತ್ತನೆಯದಕ್ಕೆ ಬಂದಾಗ ಮಾತ್ರ ಅವರ ಕಣ್ಣರಳಿತು.

"ಇದು ನೋಡ್ರೀ ಹೊಸ ವಿಚಾರ ಅಂದ್ರೆ! ನಾಳೆನೇ ಅಲ್ಲಿನ ಸೈನಿಕರನ್ನ ವಾಪಸ್ ಕರೆಸಿ" ಎಂದು ಸಹಿ ಜಡಿದರು. ಸುತ್ತ ಕೂತವರು ಚಪ್ಪಾಳೆ ತಟ್ಟಿದರು.

ಹೊರಗೆ ಬಂದ ಮೇಲೆ ವನಮಾಲಾ ಕೇಳಿದಳು, "ಸರ್, ಆ ಪ್ರತಿ ಕೊನೆಗೆ ಯಾವ ಕಪಾಟಲ್ಲಿತ್ತು?"

"ನಮ್ಮ ಕಪಾಟಲ್ಲಿ ಎಲ್ಲಿ ಸಿಗುತ್ತೆ? ಶತ್ರು ದೇಶದವರ ಹತ್ರ ಒಂದಿತ್ತು, ನಮ್ಮ ಗೂಢಚಾರ ಕದ್ದು ತಂದ."