ಪರಚುಗಂಬದ ಪಾಠ

"ಭಾನುವಾರದೊಳಗೆ ಈ ಬೆಕ್ಕು ಮನೆ ಬಿಡಬೇಕು!" ಸಾಹೇಬರು ಗುಡುಗಿದರು.

ಸಾಹೇಬರೆಂದರೆ ನಿವೃತ್ತ ತೆರಿಗೆ ಅಧಿಕಾರಿ. ಕಚೇರಿ ಅವರನ್ನು ಬಿಟ್ಟಿತ್ತು, ವಿಚಾರಣೆಯ ಚಟ ಬಿಟ್ಟಿರಲಿಲ್ಲ. ಹೊಸ ಸೋಫಾದಲ್ಲಿ ಅವರು ಕೂರುವ ಮೂಲೆಯ ಕೈ ಮೇಲ್ಭಾಗದಲ್ಲಿ ಚಿಂದಿಯಾಗಿತ್ತು. ಉಗುರಿದ್ದ ಆರೋಪಿ ಕಿಟಕಿಯಲ್ಲಿ ಮೈ ನೆಕ್ಕಿಕೊಳ್ಳುತ್ತಿತ್ತು. ತೀರ್ಪಿಗೆ ಇನ್ನೇನು ಬೇಕು?

ಹೆಂಡತಿಗೆ ಆ ಬೆಕ್ಕೆಂದರೆ ಪಂಚಪ್ರಾಣ. ಕಣ್ಣೀರು ಒರೆಸಿಕೊಂಡು ಪಶುವೈದ್ಯೆಯನ್ನು ಕರೆಸಿದಳು. ಅವರು ಹರಿದ ಬಟ್ಟೆ ನೋಡಿದರು, ಬೆಕ್ಕಿನ ಪಂಜ ನೋಡಿದರು, ಟಿವಿಯ ವಾದವಿವಾದಕ್ಕೆ ಹಲ್ಲು ಕಡಿಯುತ್ತಿದ್ದ ಸಾಹೇಬರನ್ನೂ ನೋಡಿದರು. ಆಮೇಲೆ ಅಡುಗೆಮನೆಯಲ್ಲಿ ಹೆಂಡತಿಯೊಡನೆ ಒಂದಿಷ್ಟು ಗುಸುಗುಸು ಮಾತಾಡಿ ಬಂದರು.

"ಪರಚೋದು ಹಟ ಅಲ್ಲಮ್ಮ, ಹುಟ್ಟುಗುಣ. ಬೈದ್ರೆ ಜಾಸ್ತಿಯಾಗುತ್ತೆ. ಸೋಫಾದ ಕೈಗೆ ಪ್ಲಾಸ್ಟಿಕ್ ಹೊದಿಸಿ, ಪಕ್ಕದಲ್ಲೇ ಹುರಿ ಸುತ್ತಿದ ಕಂಬ ಇಡಿ. ಕಂಬ ಪರಚಿದ ತಕ್ಷಣ ಹೊಗಳಿ, ಬಾಯಿಗೇನಾದ್ರೂ ಹಾಕಿ."

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ," ಸಾಹೇಬರು ನಕ್ಕರು.

ಕಂಬ ಬಂತು. ಸಾಹೇಬರು ಅದರ ಪಕ್ಕದಲ್ಲೇ ಕಾವಲು ಕೂತರು. ಟಿವಿ ಅರಚಿತು, ಸಾಹೇಬರ ರಕ್ತ ಕುದಿಯಿತು, ಬೆಕ್ಕು ಕಿಟಕಿಯಲ್ಲಿ ಗೊರಕೆ ಹೊಡೆಯಿತು. ಎಂದೂ ಇಲ್ಲದ ಹಾಗೆ ಹೆಂಡತಿ ಆಗಾಗ ಬಂದು ಹುರಿದ ಗೋಡಂಬಿ ಕೊಟ್ಟು, "ಜಾಣರು ನೀವು," ಎಂದು ಹೋಗುತ್ತಿದ್ದಳು. ಮದುವೆಯಾದಾಗಿನಿಂದ ಕೇಳದ ಮಾತು! ಬೆಕ್ಕನ್ನು ಉಳಿಸಿಕೊಳ್ಳಲು ಬೆಣ್ಣೆ ಹಚ್ಚುತ್ತಿದ್ದಾಳೆ ಎಂದು ಗೊತ್ತಿದ್ದರೂ ಸಾಹೇಬರಿಗೆ ಹಿತವಾಗಿತ್ತು.

ಭಾನುವಾರದ ಹೊತ್ತಿಗೆ ಹುರಿ ನಾರುನಾರಾಗಿತ್ತು. ಸೋಫಾಕ್ಕೆ ಹೊಸ ಗಾಯವಿರಲಿಲ್ಲ.

"ನೋಡಿದ್ಯಾ? ನನ್ನ ಕಣ್ಣಿಗೆ ಹೆದರಿ ಬುದ್ಧಿ ಕಲೀತು. ಇರ್ಲಿ ಬಿಡು, ಪಾಪದ ಪ್ರಾಣಿ." ಸಾಹೇಬರು ದೊಡ್ಡ ಮನಸ್ಸು ಮಾಡಿ ಬೆಕ್ಕಿಗೆ ಕ್ಷಮಾದಾನ ನೀಡಿದರು. ಹೆಂಡತಿ ಬೆಕ್ಕನ್ನೆತ್ತಿಕೊಂಡು ಮುದ್ದಾಡಿದಳು.

ಸಂಜೆ ಪಶುವೈದ್ಯೆ ಬಂದರು. ಬಾಗಿಲಲ್ಲೇ ನಿಂತು, "ಹೇಗಿದೆ ಅಭ್ಯಾಸ?" ಎಂದು ಕೇಳಿದರು. ಒಳಗೆ ಸಾಹೇಬರ ಕಿವಿ ನೆಟ್ಟಗಾಯಿತು.

"ಬೆಕ್ಕು ಆ ಕಂಬ ಮೂಸಿಯೂ ನೋಡ್ಲಿಲ್ಲ ಮೇಡಂ, ಅದು ಮೊದಲಿಂದ್ಲೂ ಹಿತ್ತಿಲ ಮರಾನೇ ಪರಚೋದು, ನಮ್ಮ ಯಜಮಾನ್ರು ಮಾತ್ರ ಈಗ ಟಿವಿ ಹಾಕಿದ್ರೆ ಸಾಕು, ಸೋಫಾ ಬಿಟ್ಟು ಕಂಬಾನೇ ಪರಚ್ತಾರೆ."